ಹದಿನಾಲ್ಕನೆಯ ಪುಟ, ಎಡಗೈ ಹೆಬ್ಬೆಟ್ಟು

ಮಾನ್ಯ ಸಾರಿಗೆ ಅಧಿಕಾರಿಗಳೇ,

'ಬೆರಳಿಗೆ ತಿಳೀಲಾರದ್ದು ಇಂಜಿನ್ನಿನಾಗ ಏನೂ ಇಲ್ರಿ' ಎಂದನೋ, ಏನೂ ಇರಬಾರದು ಎಂದನೋ, ಈಗ ನನಗೆ ಸರಿಯಾಗಿ ನೆನಪಿಲ್ಲ. ಹೇಳಿದವನು ಬಸ್ತ್ಯಾಂವ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಹದಿನೆಂಟು ವರ್ಷ ಲಾರಿ ರಿಪೇರಿ ಮಾಡಿದವನು. ಅವನ ಎಡಗೈ ಹೆಬ್ಬೆರಳು ಈಗ ಇಲ್ಲ. ಅದರ ಗುರುತೊಂದು ನಿಮ್ಮ ಕಡತದಲ್ಲಿ ಉಳಿದಿದೆ. ಅದನ್ನು ಅವನ ವಿರುದ್ಧವೇ ಸಾಕ್ಷಿಯಾಗಿ ಬಳಸಿದ್ದೀರಿ ಎಂಬುದೇ ನನ್ನ ತಕರಾರು.

ಆ ಹೆಬ್ಬೆರಳಿನ ಕೆಲಸವೇನೆಂದು ತಮಗೆ ತಿಳಿದಿರಲಾರದು. ಪೆಟ್ರೋಲು ಲಾರಿ ನಿಂತುಹೋದರೆ ಬಸ್ತ್ಯಾಂವ ಪಂಪಿನ ಕೊಳವೆ ಬಿಚ್ಚಿ, ಅದರ ಬಾಯಿಗೆ ಎಡಗೈ ಹೆಬ್ಬೆರಳು ಒತ್ತಿ, ಬಲಗೈಯಿಂದ ಪಂಪು ಆಡಿಸುತ್ತಿದ್ದ. ಎಣ್ಣೆ ಬೆರಳನ್ನು ನೂಕುವ ರಭಸದಿಂದಲೇ ಕಾಯಿಲೆ ಯಾವುದೆಂದು ಹೇಳುತ್ತಿದ್ದ. ಈ ತಾಲೂಕುಗಳ ಮಿಸ್ತ್ರಿಗಳೆಲ್ಲ ಹಾಗೆಯೇ ಕಲಿತವರು. ವೈದ್ಯರು ನಾಡಿ ಹಿಡಿಯುವುದಿಲ್ಲವೇ, ಹಾಗೆ.

ಆಮೇಲೆ ಬಿದಿರು ಸಾಗಿಸಲು ಡೀಸೆಲು ಲಾರಿಗಳು ಬಂದವು. ಅವುಗಳ ಹಿಂದೆಯೇ, ಹೋದ ಜೂನಿನಲ್ಲಿ, ತಮ್ಮ ಆಜ್ಞೆ ಬಂತು. ಹೊಸ ಪಂಪುಗಳನ್ನು ಮುಟ್ಟುವ ಪ್ರತಿಯೊಬ್ಬ ಮಿಸ್ತ್ರಿಯೂ ಹೆಸರು ನೋಂದಾಯಿಸಬೇಕು. ಕಚೇರಿ ಕಳಿಸುವ ಇಂಗ್ಲಿಷ್ ಕೈಪುಸ್ತಕವನ್ನು ಪಡೆದು, 'ಇದನ್ನು ಪೂರ್ತಿ ಓದಿ ತಿಳಿದುಕೊಂಡಿದ್ದೇನೆ' ಎಂಬ ಹೇಳಿಕೆಗೆ ರುಜು ಹಾಕಬೇಕು. ಓದುಬರಹ ಬಾರದವರು ರುಜುವಿನ ಬದಲು ಎಡಗೈ ಹೆಬ್ಬೆಟ್ಟು ಒತ್ತತಕ್ಕದ್ದು. ಮಾನ್ಯರೇ, ಈ ವಾಕ್ಯವನ್ನು ಬರೆದವರು ಅದನ್ನು ಇನ್ನೊಮ್ಮೆ ಓದಿ ನೋಡಿದ್ದರೇ? ಓದಲು ಬಾರದವನು ತಾನು ಓದಿದ್ದೇನೆಂದು ಹೆಬ್ಬೆಟ್ಟಿನಿಂದ ಪ್ರಮಾಣ ಮಾಡುವುದು ಯಾವ ರಾಜ್ಯದಲ್ಲಿ ಸಾಧ್ಯ? ನಮ್ಮಲ್ಲಿ ಸಾಧ್ಯವಾಯಿತು. ಬಸ್ತ್ಯಾಂವ ಒತ್ತಿದ.

ಒತ್ತಿದ ಮೇಲೆ ಪುಸ್ತಕ ತೆಗೆದುಕೊಂಡು ನನ್ನ ಮನೆಗೆ ಬಂದ. ನಾನು ಹಳಿಯಾಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು.

"ಮಾಸ್ತರ್ರ, ಓದೇನಿ ಅಂತ ಒತ್ತಿ ಬಂದೇನಿ. ಇನ್ನ ಓದಿ ಹೇಳ್ರಿ. ಇಲ್ಲಾಂದ್ರ ಸುಳ್ಳ ಹೇಳಿದಂಗಾಗತೈತಿ."

"ಸರ್ಕಾರದ ಮುಂದ ಎಲ್ಲಾರೂ ಹೇಳತಾರಪಾ."

"ಎಲ್ಲಾರದು ಇರಲ್ರಿ. ನಾ ಐತವಾರ ಪಾದ್ರಿ ಮುಂದ ತಪ್ಪ ಒಪ್ಪಕೊಳ್ಳಾಕ ಹೋಗಬೇಕಲ್ರಿ."

ನಕ್ಕೆವು. ನಾಲ್ಕು ಪುಟ ಓದಿ ಹೇಳಿದೆ. ಕಾರ್ಖಾನೆಯ ಹೊಗಳಿಕೆ, ಭಾಗಗಳ ಹೆಸರು. ಬೇಸರವಾಯಿತು. ಉಳಿದದ್ದನ್ನು ಬಿಡುವಾದಾಗ ನೋಡೋಣ, ಇಟ್ಟು ಹೋಗು ಎಂದೆ. ಇಟ್ಟು ಹೋದ.

ಒಂಬತ್ತನೆಯ ದಿನ ಸಾತಪ್ಪನೆಂಬ ಡ್ರೈವರನ ಬಿದಿರಿನ ಲಾರಿ ಶೆಡ್ಡಿಗೆ ಬಂತು. ಏರಿನಲ್ಲಿ ಜಗ್ಗುತ್ತಿರಲಿಲ್ಲ, ಹೊಗೆ ಕಾರುತ್ತಿತ್ತು. ಅಲ್ಲಿ ನಡೆದದ್ದನ್ನು ಸಾತಪ್ಪನೇ ನನಗೆ ಹೇಳಿದ.

"ಏ ಬಸ್ತ್ಯಾಂವ, ಪುಸ್ತಕ ಬಂದೈತಂತಲ್ಲೋ, ಅದರಾಗರ ನೋಡು" ಎಂದನಂತೆ ಸಾತಪ್ಪ.

"ಪುಸ್ತಕ ಮಾಸ್ತರ್ ಮನೀಗೆ ಸಾಲೀ ಕಲಿಯಾಕ ಹೋಗೈತಿ. ಪಾಸಾಗಿ ಬರಲಿ. ನೀ ಸೆಲ್ಫ್ ಹೊಡಿ."

ಎಣ್ಣೆ ಚಿಮ್ಮುವ ನೋಜಲನ್ನು ಇಂಜಿನ್ನಿನಿಂದ ಬಿಚ್ಚಿ, ಹೊರಗೇ ಕೊಳವೆಗೆ ಸಿಕ್ಕಿಸಿ, ಅದರ ತುದಿಗೆ ಹೆಬ್ಬೆರಳು ಹಿಡಿದಿದ್ದ. ಹದಿನೆಂಟು ವರ್ಷ ಮಾಡಿದಂತೆಯೇ. ಸಾತಪ್ಪ ಸೆಲ್ಫ್ ಹೊಡೆದ. ಬಸ್ತ್ಯಾಂವ ಕೈ ಝಾಡಿಸಿದ. ರಕ್ತ ಬರಲಿಲ್ಲ. ಬೆರಳ ಮೇಲೆ ಸೂಜಿ ಚುಚ್ಚಿದಷ್ಟೇ ಒಂದು ಚುಕ್ಕೆ. "ಇರಿವಿ ಕಡದಂಗಾತು, ಅಷ್ಟ" ಎಂದು ನಕ್ಕು, ಆ ಲಾರಿಯನ್ನು ಸರಿಮಾಡಿಯೇ ಕಳಿಸಿದ. ಮರುದಿನಕ್ಕೆ ಬೆರಳು ಬದನೆಕಾಯಿಯಷ್ಟಾಗಿತ್ತು. ಮೂರನೆಯ ದಿನ ಕಪ್ಪಾಯಿತು. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಕತ್ತರಿಸುವುದೊಂದೇ ದಾರಿ ಉಳಿದಿತ್ತು. ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಿತ್ತು.

ಪೆಟ್ರೋಲಿನ ಒತ್ತಡ ಬೆರಳಿನ ಅಳತೆಯಲ್ಲಿತ್ತು. ಈ ಹೊಸದಕ್ಕೆ ಬೆರಳೆಂಬುದು ಲೆಕ್ಕಕ್ಕೇ ಇಲ್ಲ. ಮುಂದೆ ಬರುವ ಗಾಡಿಗಳು ಕಿವಿಯನ್ನೂ ಕಣ್ಣನ್ನೂ ಹೀಗೆಯೇ ತಳ್ಳಿಹಾಕಬಹುದು. ಬೇಡವೆನ್ನಲು ನಾನು ಯಾರು? ಲಾರಿಗಳು ಬರಲಿ. ಆದರೆ ಲಾರಿ ತಾನು ಬದಲಾಗಿದ್ದೇನೆಂದು ಹೇಳುವುದು ಪುಸ್ತಕಕ್ಕೆ ಮಾತ್ರ. ಕೈಗೆ ಅದನ್ನು ಹೇಳುವವರು ಯಾರು?

ಈ ಸುದ್ದಿ ತಲುಪಿದ ಮೇಲೆ ತಾವು ಕಾಗದದಲ್ಲಿ ಹೇಳಿದ್ದು ಇಷ್ಟೇ: 'ಕೈಪುಸ್ತಕವನ್ನು ಓದಿ ತಿಳಿದಿರುವುದಾಗಿ ಘೋಷಿಸಿಯೂ ಎಚ್ಚರಿಕೆಯನ್ನು ಕಡೆಗಣಿಸಿದ ಕಾರಣ ಹೆಸರನ್ನು ನೋಂದಣಿಯಿಂದ ತೆಗೆಯಲಾಗಿದೆ. ಕೈಪುಸ್ತಕವನ್ನು ಹಿಂದಿರುಗಿಸತಕ್ಕದ್ದು.' ಹೆಸರಿಲ್ಲದವನ ಶೆಡ್ಡಿಗೆ ಲಾರಿ ಕಳಿಸಲು ಮಾಲೀಕರು ಹೆದರುತ್ತಾರೆ. ಒಂಬತ್ತು ಬೆರಳಲ್ಲೂ ಅವನು ಆ ಕೆಲಸ ಮಾಡಬಲ್ಲ. ತಮ್ಮ ಕಾಗದ ಬಿಡುತ್ತಿಲ್ಲ. ಶೆಡ್ಡು ಮುಚ್ಚಿದೆ. ಅವನು ಜೋಯಿಡಾ ಕಡೆ ತಂಗಿಯ ಮನೆಯಲ್ಲಿದ್ದಾನೆ.

ಆ ಕಾಗದ ಹಿಡಿದು ಅವನ ಹೆಂಡತಿ ಇಜಾಬೆಲ್ ನನ್ನ ಬಾಗಿಲಿಗೆ ಬಂದಳು. "ಮಾಸ್ತರ್ರ, ಪುಸ್ತಕ ನಿಮ್ಮ ಕಡೇನ ಐತೇನ್ರಿ?" ಎಂದಳು. ನಾಳೆ ಕೊಡುತ್ತೇನೆಂದೆ. ಅವಳು ಹೋದ ಮೇಲೆ ಪುಟ ತಿರುಗಿಸಿದೆ. ಹದಿನಾಲ್ಕನೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಚಿಮ್ಮುವ ನೋಜಲಿಗೆ ಕೈ ಒಡ್ಡಬಾರದೆಂಬ ಎರಡು ಸಾಲು. ಓದಿ ಹೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಆದ್ದರಿಂದ ತಪ್ಪು ಯಾರದೆಂದು ಕೇಳಿದರೆ ಹೆಬ್ಬೆಟ್ಟಿನ ಕಡೆ ಬೊಟ್ಟು ಮಾಡಬೇಡಿ. ನನ್ನ ಹೆಸರು ಬರೆದುಕೊಳ್ಳಿ, ಅದರ ಪಕ್ಕದಲ್ಲಿ ತಮ್ಮದನ್ನೂ. ಬಸ್ತ್ಯಾಂವನ ಸುಳ್ಳು ಹೇಳಿಕೆಯನ್ನು ಕಡತದಿಂದ ತೆಗೆದು ಅವನ ಹೆಸರನ್ನು ಮರಳಿ ಬರೆಯಿರಿ. ಆ ಎರಡು ಸಾಲನ್ನು ಕನ್ನಡದಲ್ಲಿ, ಚಿತ್ರದೊಡನೆ ಅಚ್ಚುಹಾಕಿ, ಓದಿ ಹೇಳುವ ಒಬ್ಬ ಮನುಷ್ಯನ ಕೈಯಲ್ಲಿ ಶೆಡ್ಡು ಶೆಡ್ಡಿಗೂ ಕಳಿಸಿರಿ. ತಡಮಾಡಬೇಡಿ. ದಾಂಡೇಲಿ, ಮುಂಡಗೋಡಗಳ ಮಿಸ್ತ್ರಿಗಳು ಒತ್ತಿದ ಇನ್ನೂ ಏಳು ಹೆಬ್ಬೆಟ್ಟುಗಳು ಅದೇ ಕಡತದಲ್ಲಿವೆ ಎಂದು ತಮ್ಮ ಗುಮಾಸ್ತರೇ ಹೇಳಿದರು. ಆ ಏಳು ಬೆರಳುಗಳು ಇವತ್ತಿಗೆ ಸುರಕ್ಷಿತವಾಗಿವೆ. ಬಿದಿರಿನ ಲಾರಿಗಳು ಮಾತ್ರ ದಿನವೂ ಬರುತ್ತಿವೆ.

ಪುಸ್ತಕವನ್ನು ನಾನಿನ್ನೂ ಹಿಂದಿರುಗಿಸಿಲ್ಲ. ಮೇಜಿನ ಮೇಲೆ, ಅದೇ ಪುಟಕ್ಕೆ ತೆರೆದುಕೊಂಡು ಬಿದ್ದಿದೆ. ಬಸ್ತ್ಯಾಂವ, ಈಗ ಓದಲೇನೋ?

ಇಂತಿ,
ಇಂಗ್ಲಿಷ್ ಬಲ್ಲ, ಹತ್ತೂ ಬೆರಳುಳ್ಳ
ಹಳಿಯಾಳದ ಒಬ್ಬ ಮಾಸ್ತರ
ಫೆಬ್ರುವರಿ ೧೯೬೪