ದಾನ ಕೇಳುವ ಎಮ್ಮೆಯ ಹಲ್ಲು

ಅಪ್ಪಾ,

ದಾನ ಕೇಳುವ ಎಮ್ಮೆಯ ಹಲ್ಲು ಎಣಿಸಲೇಬೇಕು. ಇದು ನಿಜವಾಗಿ ನಡೆದ ಕಥೆ.

ನಿನ್ನೆ "ನೆರೆ ಪರಿಹಾರ ನಿಧಿ ಸ್ವಾಮೀ" ಎಂದು ಮಹಡಿಯಿಂದಲೇ ಗೊಗ್ಗರು ದನಿಯಲ್ಲಿ ತಮಾಷೆಗೆ ಫೋನ್ ಮಾಡಿದ್ದು ನಾನೇ ಅಂತ ನಿನಗೆ ಆಮೇಲೆ ಗೊತ್ತಾಯಿತಲ್ಲ. ನೀನು ಕಾರ್ಡಿನ ಪಿನ್ನನ್ನೇ ಹೇಳಿಬಿಟ್ಟೆ!

ಇವತ್ತು ನನಗೇ ಅಂಥದೇ ಕರೆ ಬಂತು, ನಿಜವಾದ ಕಳ್ಳನದು. "ಯಾವ ಬೀದಿಯಲ್ಲಿ ಕೆಲಸ ಮಾಡ್ತಿದ್ದೀರಿ?" ಅಂದಿದ್ದಕ್ಕೆ ಫೋನ್ ಇಟ್ಟುಬಿಟ್ಟ.

ನೆರೆ ಬಂದ ಊರಿನಲ್ಲಿ ಅತ್ತೆ ಇನ್ನೂ ತಮ್ಮ ಮನೆಯ ತಾರಸಿಯ ಮೇಲೇ ಇದ್ದಾರೆ, ಸುತ್ತಲೂ ನೀರು. ಯಾರಿಗೆ ಕೊಡಬೇಕೆಂದು ಅವರಿಗೇ ಫೋನ್ ಮಾಡಿ ಕೇಳಿದೆ. ಅವರ ಬೀದಿಗೆ ದೋಣಿ ಬಿಟ್ಟಿರುವುದು ಅಲ್ಲಿನ ಮೀನುಗಾರರ ಸಂಘ ಮಾತ್ರವಂತೆ. ನೆರೆಗೆ ನೆರೆಯವರೇ ನೆರವು! ಬೇಕಿರುವುದು ಹಳೇ ಬಟ್ಟೆಯಲ್ಲ, ದೋಣಿಗಳಿಗೆ ಡೀಸೆಲ್. ಸಂಘದ ಲಾರಿಗೆ ಅದರ ಕ್ಯಾನುಗಳನ್ನೇ ಹೇರಲು ಹೋಗುತ್ತಿದ್ದೇನೆ.

ಬೇರೆ ಯಾರು ದುಡ್ಡು ಕೇಳಿದರೂ ಫೋನ್ ಇಡು, ನನ್ನ ದನಿಯಾದರೂ.

ನಿನ್ನೆ ಗುಟ್ಟು ರಟ್ಟಾದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ. ಇವತ್ತಿನ ಕಳ್ಳ ನಿನಗೇ ಫೋನ್ ಮಾಡಿದ್ದರೆ? ಆ ನಗು ನೆನೆದರೇ ನನಗೆ ಭಯ.

ನಿನ್ನ ಗಿಳಿ