ಮಾರ್ಚ್‌ವರೆಗಿನ ಹುಲ್ಲುಪಾಠ

ಬಾಲ್ಡಿವಿಸ್, ಪರ್ತ್
ನವೆಂಬರ್ 23, ಭಾನುವಾರ

ನನ್ನ ಮುದ್ದು ಲಾಕೀ,

ಹೇಗಿದ್ದೀಯಾ? ಬೆನ್ನುನೋವು ಇಳಿಯಿತಾ? ಗಣಿಯ ಕ್ಯಾಂಪಿನಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಮತ್ತೆ ಬರೀ ಚಿಪ್ಸಾ? ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನಗೆ ನಗು ಬಂದು, ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ. ಮದುವೆಯಾಗಿ ಇನ್ನೂ ಎರಡು ತಿಂಗಳು. ಗಂಡನಿಗೆ ಪತ್ರ ಬರೆಯುವುದೆಂದರೆ ಎಷ್ಟು ಚೆಂದ ಅಂತ ಹೋದ ವಾರ ಅಂದುಕೊಂಡಿದ್ದೆ.

ಮೊದಲು ನಿನ್ನ ಹುಲ್ಲಿನ ಸುದ್ದಿ. ನೀನು ಹೇಳಿದ್ದನ್ನೆಲ್ಲ ಮಾಡಿದೆ, ದೇವರಾಣೆ! ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಎರಡು ಹಂತ ಮೇಲಕ್ಕೇರಿಸಿದೆ; ಉದ್ದ ಹುಲ್ಲು ತನ್ನ ಬೇರಿಗೆ ತಾನೇ ನೆರಳು ಕೊಡುತ್ತದೆ ಅಂದಿದ್ದೆಯಲ್ಲ. ನಮ್ಮ ಹಾಳು ಮರಳು ನೀರನ್ನು ಕುಡಿಯದೆ ಉರುಳಿಸಿಬಿಡುತ್ತದೆಂದು, ನೀರು ಇಂಗಿಸುವ ಆ ಸೋಪಿನಂಥ ದ್ರಾವಣದ ಬಾಟಲಿಯನ್ನು ಪೈಪಿಗೆ ಸಿಕ್ಕಿಸಿ ಮೂಲೆಮೂಲೆಗೂ ಹೊಡೆದೆ. ನೀರು ಎಲ್ಲೆಲ್ಲಿ ಬೀಳುತ್ತದೆಂದು ನೋಡಲು ಟ್ಯೂನಾ ಮೀನಿನ ಖಾಲಿ ಡಬ್ಬಿಗಳನ್ನು ಹುಲ್ಲಿನ ತುಂಬ ಇಟ್ಟು ಸ್ಪ್ರಿಂಕ್ಲರ್ ಬಿಟ್ಟೆ. ಬಟ್ಟೆ ಒಣಹಾಕುವ ಕಂಬದ ಹತ್ತಿರದ ಡಬ್ಬಿಗೆ ಹನಿಯೂ ಬೀಳಲಿಲ್ಲ. ಆ ಮೂಲೆಗೆ ಕೈಯಲ್ಲೇ ಪೈಪು ಹಿಡಿದೆ. ಮ್ಯಾಗ್‌ಪೈ ಹಕ್ಕಿಗಳು ಉಳಿದ ಡಬ್ಬಿಗಳಲ್ಲಿ ಕುಡಿದು, ಒಂದನ್ನು ಉರುಳಿಸಿ, ನನ್ನನ್ನೇ ಬೈದು ಹೋದವು. ನೀನು ನೋಡಬೇಕಿತ್ತು! ಕ್ರಿಸ್‌ಮಸ್ ಊಟಕ್ಕೆ ಮೇಜು ಎಲ್ಲಿ, ನಿನ್ನ ಬಾರ್ಬೆಕ್ಯೂ ಒಲೆ ಎಲ್ಲಿ ಎಂದು ಬರಿಗಾಲಲ್ಲಿ ಅಳೆದೂ ಆಯಿತು. ಅಂಗಡಿಯಲ್ಲಿ ಸೀಗಡಿಗೂ ಹೇಳಿಟ್ಟೆ.

ಆಗ ಬೇಲಿಯ ಮೇಲೆ ಪಕ್ಕದ ಮನೆಯ ಗ್ಲೆನಿಸ್ ಅಜ್ಜಿಯ ತಲೆ ಕಾಣಿಸಿತು. "ಏನೇ ಮದುಮಗಳೇ, ಗಂಡನಿಗಿಂತ ಹುಲ್ಲಿಗೇ ಮುದ್ದು ಜಾಸ್ತಿ ಮಾಡ್ತಿದ್ದೀಯಲ್ಲ!" ನಾನು ಜಂಬದಿಂದ ನಿನ್ನ ಪಾಠ ಪೂರ್ತಿ ಒಪ್ಪಿಸಿದೆ. ಜನವರಿಯಲ್ಲಿ ಎರಡನೆಯ ಸಲ ದ್ರಾವಣ, ಫೆಬ್ರವರಿಯ ಉರಿಯಲ್ಲಿ ಗೊಬ್ಬರ ಮುಟ್ಟಬಾರದು, ಮಾರ್ಚ್‌ನಲ್ಲಿ ಅಲಗು ಮತ್ತೆ ಕೆಳಗೆ. ಅಜ್ಜಿಯ ನಗು ನಿಂತಿತು. "ಅಲ್ವೇ ಪುಟ್ಟಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರೋನು ಮಾರ್ಚ್ ತನಕ ಯಾಕೆ ಹೇಳ್ಕೊಟ್ಟ?"

ನನಗೆ ಹೊಳೆದೇ ಇರಲಿಲ್ಲ, ಲಾಕೀ. ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ನೀನು ಅದನ್ನೇ ಹೇಳುತ್ತಿದ್ದೆ. ನಾನು ಅದನ್ನು ಪ್ರೀತಿ ಅಂದುಕೊಂಡೆ.

ನಿನ್ನೆ ನಿನ್ನ ಜೊತೆ ಕೆಲಸ ಮಾಡುವ ಬ್ರೆಟ್, ರಜಕ್ಕೆ ಬಂದವನು, ನಮ್ಮ ಟ್ರೈಲರ್ ಗಾಡಿ ಹಿಂದಿರುಗಿಸಲು ಬಂದ. ಮಾರ್ಚ್ ತನಕ ಏನು ಕತೆ ಎಂದು ಕೇಳಿಯೇ ಬಿಟ್ಟೆ. ಕಿವಿಯವರೆಗೂ ಕೆಂಪಾದ. "ಅವ್ನು ಹೇಳಿಲ್ವಾ? ಉತ್ತರದ ಹೊಸ ಗಣಿಗೆ ಮಾರ್ಚ್ ತನಕ ಹೆಸರು ಕೊಟ್ಟಿದ್ದಾನಲ್ಲ. ಕ್ರಿಸ್‌ಮಸ್‌ಗೂ ಅಲ್ಲೇ." ಯಾರು ಕಳಿಸಿದ್ದು ಎಂದೆ. "ಯಾರೂ ಕಳಿಸ್ಲಿಲ್ಲ ಕಣಮ್ಮ. ಅವನೇ ಕೇಳ್ಕೊಂಡ." ನಾನು ಬಿಡಲಿಲ್ಲ. ಕೊನೆಗೆ ಆ ಪಾಪದವನು ನೆಲ ನೋಡುತ್ತಾ ನಿನ್ನ ಮಾತನ್ನೂ ಕಕ್ಕಿದ: "ಮನೇಲಿ ಅವಳು ಬಾಯಿ ಮುಚ್ಚೋದೇ ಇಲ್ಲ ಕಣೋ. ಇಲ್ಲಿ ಡ್ರಿಲ್ಲಿನ ಸದ್ದಲ್ಲೇ ನೆಮ್ಮದಿ."

ಡ್ರಿಲ್ಲು! ಕಂಪನಿ ಎಳೆದುಕೊಂಡು ಹೋಗಿದ್ದರೆ ನಿನ್ನ ಜೊತೆ ಸೇರಿ ನಾನೂ ಕಂಪನಿಗೆ ಬೈಯುತ್ತಿದ್ದೆ. ನನ್ನದು ಮಾತು ಜಾಸ್ತಿ, ಗೊತ್ತು. ಮದುವೆಯ ದಿನ ನೀನೇ ಎಲ್ಲರೆದುರು ಗ್ಲಾಸು ಎತ್ತಿ, ಇವಳು ಬಂದ ಮೇಲೆ ನನ್ನ ಮನೆಗೆ ಜೀವ ಬಂತು ಅಂದಿದ್ದೆ. ಜನ ಚಪ್ಪಾಳೆ ತಟ್ಟಿದ್ದರು. "ಸ್ವಲ್ಪ ಸುಮ್ನಿರೇ" ಅಂದಿದ್ದರೆ ಸಾಕಿತ್ತು. ಅಷ್ಟೂ ಹೇಳದೆ, ಗೊಬ್ಬರದ ವಿಷಯ ಹೇಳಿ, ಮುತ್ತು ಕೊಟ್ಟು ವಿಮಾನ ಹತ್ತಿದೆ.

ಬಿಸಿಲಲ್ಲಿ ಟೋಪಿ ಹಾಕು. ನೀರು ಕುಡಿ. ಬ್ರೆಟ್‌ನ ಮೇಲೆ ಕೂಗಾಡಬೇಡ.

ಇನ್ನೂ ನಿನ್ನವಳೇ,
ಟೀಗನ್

ಮರೆತೆ: ನಿನ್ನ ಅಮ್ಮನಿಗೆ ಫೋನ್ ಮಾಡಿ ಕ್ರಿಸ್‌ಮಸ್ ಊಟ ಇಲ್ಲ ಅಂದೆ, ಯಾಕೆ ಅಂತಲೂ ಹೇಳಿದೆ. ಅದಕ್ಕೆ ಅವರು, "ಅವನಪ್ಪನೂ ಹಿಂಗೇ ಹೇಳ್ಕೊಟ್ಟು ಹೋದ್ರು ಕಣೇ. ಬರ್ತಾರೆ ಬರ್ತಾರೆ ಅಂತ ವರ್ಷಗಟ್ಲೆ ಆ ಹುಲ್ಲಿಗೆ ನೀರು ಹಾಕ್ದೆ. ನೀನು ಹಾಕ್ಬೇಡ" ಅಂದರು. ಅವರ ಕಾರು ಈಗಷ್ಟೇ ಬಂದು ನಿಂತಿತು. ಬನ್‌ಬರಿಗೆ, ಅವರ ಮನೆಗೆ ಹೊರಟಿದ್ದೇನೆ. ಹಾರನ್ ಹೊಡೆಯುತ್ತಿದ್ದಾರೆ.