‘ಹೌದು’ ಎನ್ನಲಾಗದ ಖಾತೆದಾರಳ ವಿಷಯ

ಗ್ರಾಹಕ ಸೌಕರ್ಯ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಬರಲಿಲ್ಲ. ನಿಮ್ಮ ಬ್ಯಾಂಕು ಅವಳಿಗೆ ಫೋನ್ ಮಾಡಿ, ಅವಳ ಧ್ವನಿ ಸಿಗಲಿಲ್ಲ ಎಂಬ ಕಾರಣಕ್ಕೆ ಅವಳ ಖಾತೆಗೆ ಬೀಗ ಹಾಕಿ ನಾಲ್ಕು ತಿಂಗಳಾಯಿತು. ಅದನ್ನು ತೆಗೆಸೋಣವೆಂದು ಶಾಖೆಗೆ ಹೋದರೆ ವಾರದಲ್ಲಿ ಐದು ದಿನ ಶಾಖೆಗೇ ಬೀಗ. ದೂರು ಇಷ್ಟೇ. ಪುರುಸೊತ್ತಿಲ್ಲದಿದ್ದರೆ ತಾವು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ತಮಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬಾರದಿದ್ದರಿಂದಲೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಬೋರ್ಡು ಬರೆಯುವವನು. ನಿಮ್ಮ ಶಾಖೆಯ ಬಾಗಿಲ ಪಕ್ಕದ ವೇಳಾಪಟ್ಟಿಯನ್ನು ಮೂರು ಸಲ ಬರೆದದ್ದು ಇದೇ ಕೈ. ಮೊದಲ ಸಲ ‘ಸೋಮವಾರದಿಂದ ಶನಿವಾರ, ಹತ್ತರಿಂದ ನಾಲ್ಕು’. ಎರಡನೆಯ ಸಲ ಶನಿವಾರವನ್ನು ಅಳಿಸಿ ನಾಲ್ಕನ್ನು ಎರಡು ಮಾಡಿಸಿದಿರಿ. ಮೂರನೆಯ ಸಲ ‘ಮಂಗಳವಾರ, ಗುರುವಾರ ಮಾತ್ರ, ಹತ್ತರಿಂದ ಹನ್ನೆರಡೂವರೆ’. ಪ್ರತಿ ಸಲವೂ ಕೆಳಗೊಂದು ಸಾಲು, ಕೆಂಪು ಬಣ್ಣದಲ್ಲಿ: ‘ಗ್ರಾಹಕರ ಅನುಕೂಲಕ್ಕಾಗಿ’. ಒಂದಕ್ಕೆರಡು ಸಲ ಕೇಳಿ ಬರೆಯುವುದು ನಮ್ಮ ಕಸುಬಿನ ಅಭ್ಯಾಸ. “ಸಾರ್, ಇದು ಯಾವ ಗ್ರಾಹಕರು?” ಎಂದು ಆಗಿನ ಮ್ಯಾನೇಜರನ್ನು ಕೇಳಿದೆ. “ಸುಮ್ನೆ ಬರಿಯಪ್ಪಾ, ಮೇಲಿನವ್ರು ಕಳಿಸಿರೋ ಮಾತು ಅದು” ಅಂದರು. ಆ ಮೇಲಿನವರು ತಾವೇ ಇರಬೇಕು. ಬರೆದೆ, ಕೂಲಿಯನ್ನೂ ಎಣಿಸಿಕೊಂಡೆ. ನಿಮ್ಮನ್ನು ಬೈಯಲು ಕೂತಾಗ ಅದೂ ನೆನಪಾಗಿ ಬಾಯಿ ಕಹಿಯಾಗುತ್ತದೆ. ಎರಡು ಪದರ ಬಿಳಿ ಬಳಿದರೂ ಹಳೆಯ ಶನಿವಾರ ಬಿಸಿಲು ಬಿದ್ದಾಗ ಮಸುಕಾಗಿ ಕಾಣುತ್ತದೆ. ಅದನ್ನು ನಂಬಿ ಶನಿವಾರ ಬಂದು ಬಾಗಿಲು ತಟ್ಟುವವರಿದ್ದಾರಂತೆ. ನಿಮ್ಮ ಕಾವಲುಗಾರ ಅದಕ್ಕೂ ನನ್ನನ್ನೇ ಬೈಯುತ್ತಾನೆ.

ಅಕ್ಕ ಹೊಲಿಗೆ ಅಂಗಡಿಯೊಂದರಲ್ಲಿ ಕಾಜಾ ಹಾಕುತ್ತಾಳೆ. ಅಂಗಿಯ ಗುಂಡಿ ತೂರಿಸುವ ಕಿಂಡಿಗೆ ನಾವು ಕಾಜಾ ಅನ್ನುತ್ತೇವೆ. ತಾವು ದಿನಾ ಬೆಳಿಗ್ಗೆ ಐದಾರು ಕಾಜಾಗಳನ್ನು ಮುಟ್ಟುತ್ತೀರಿ, ಅವನ್ನು ಯಾರೋ ಹೊಲಿದಿರುತ್ತಾರೆಂದು ನೆನೆಸಿರಲಾರಿರಿ. ಕೈಯಲ್ಲಿ ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳ ಮಾತೆಲ್ಲ ಸೀಮೆಸುಣ್ಣದ್ದು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಾಳೆ, ನಾವು ಓದಿದ ಮೇಲೆ ಅಂಗೈಯಿಂದ ಒರೆಸುತ್ತಾಳೆ. ಬೈಗುಳವನ್ನು ಮಾತ್ರ ಒರೆಸದೆ ಸಂಜೆಯವರೆಗೂ ಬಿಟ್ಟಿರುತ್ತಾಳೆ. ಬ್ಯಾಂಕಿನಲ್ಲೂ ಹೀಗೇ ನಡೆಯುತ್ತಿತ್ತು. ಕೌಂಟರಿನ ಮೇಡಂ ಚಲನ್ನಿನ ಹಿಂಬದಿಯಲ್ಲಿ ಪ್ರಶ್ನೆ ಬರೆಯುತ್ತಿದ್ದರು, ಅಕ್ಕ ಅದರ ಕೆಳಗೆ ಉತ್ತರ ಬರೆಯುತ್ತಿದ್ದಳು. ಒಮ್ಮೆ ಅವರು ‘ಊಟ ಆಯ್ತಾ?’ ಎಂದು ಬರೆದ ಚೀಟಿಯನ್ನು ಮನೆಗೆ ತಂದು ಎಲ್ಲರಿಗೂ ತೋರಿಸಿದ್ದಳು. ಇಪ್ಪತ್ತು ವರ್ಷ ಹೀಗೆ ವ್ಯವಹಾರ ನಡೆಯಿತು. ಬ್ಯಾಂಕೇನೂ ಮುಳುಗಲಿಲ್ಲ.

ಆ ಇಪ್ಪತ್ತು ವರ್ಷವೂ ಅವಳು ಕೂಡಿಟ್ಟದ್ದು ಒಂದೇ ಆಸೆಗೆ. ಸ್ವಂತದ್ದೊಂದು ಅಂಗಡಿ ಬೇಕು. ಈ ವರ್ಷ ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗಿನ ಮಳಿಗೆ ಖಾಲಿಯಾಯಿತು. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಹಿಡಿಸಬಹುದು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ. ಅಕ್ಕ ಗಿಡ್ಡಿ, ತಾಗುವುದಿಲ್ಲ. ಮಳಿಗೆಯ ಯಜಮಾನರು ಮುಂಗಡಕ್ಕೆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅವತ್ತು ಸಂಜೆ ನನ್ನನ್ನು ಕರೆಸಿ ಮೇಜಿನ ಮೇಲೆ ಬರೆದಳು: ‘ಬೋರ್ಡು ನೀನೇ ಬರೀ. ನನ್ನ ಹೆಸರು ದೊಡ್ಡದಾಗಿರಲಿ. ಮೂಲೆಯಲ್ಲಿ ನಿನ್ನ ಫೋನ್ ನಂಬರ್ ಹಾಕಿದರೆ ಕೂಲಿ ಕೊಡಲ್ಲ.’

ಅದೇ ವಾರ ನಿಮ್ಮ ಹೊಸ ಏರ್ಪಾಡು ಜಾರಿಗೆ ಬಂತು. ಇನ್ನು ಎಲ್ಲವೂ ಫೋನಿನಲ್ಲೇ, ಶಾಖೆಗೆ ಅಲೆಯುವ ಕಷ್ಟವೇ ಇಲ್ಲ. ಒಳ್ಳೆಯದೇ, ಅಕ್ಕ ಓದಬಲ್ಲಳು, ಬೆರಳು ಚುರುಕು. ಮುಂಗಡದ ಹಣ ತೆಗೆಯಲೆಂದು ಫೋನಿನ ತೆರೆಯ ಮೇಲೆ ಕೇಳಿದ್ದನ್ನೆಲ್ಲ ತಾನೇ ತುಂಬಿದಳು. ಕೊನೆಗೆ ಒಂದು ಕರೆ ಬರುತ್ತದೆ, ಯಂತ್ರದ ದನಿ: ‘ನೀವೇ ಖಾತೆದಾರರಾಗಿದ್ದಲ್ಲಿ ದಯವಿಟ್ಟು ಹೌದು ಎಂದು ಹೇಳಿ.’ ಮೂರು ಸಲ ಬಂತು. ಮೂರು ಸಲವೂ ಅಕ್ಕ ಎತ್ತಿದಳು, ಕಿವಿಗೆ ಹಿಡಿದು ಕೂತಳು, ಇಟ್ಟಳು. ಯಂತ್ರ ಏನು ಕೇಳುತ್ತಿದೆಯೆಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಕಿವಿ ಕೇಳದವರೂ ಬ್ಯಾಂಕಿನಲ್ಲಿ ಖಾತೆ ಇಡುತ್ತಾರೆ ಎಂಬ ಸಂಗತಿ ನಿಮ್ಮ ಯಾವ ಸಭೆಯಲ್ಲೂ ಯಾರ ತಲೆಗೂ ಹೊಳೆಯಲಿಲ್ಲವೇ?

ನಾಲ್ಕನೆಯ ಕರೆಗೆ ನಾನು ಪಕ್ಕದಲ್ಲಿದ್ದೆ. ಫೋನ್ ಕಿತ್ತುಕೊಂಡು ನನ್ನ ಗೊಗ್ಗರು ಗಂಟಲಲ್ಲಿ “ಹೌದು” ಅಂದುಬಿಟ್ಟೆ. ಚಿಕ್ಕಂದಿನಿಂದ ಬಾಗಿಲಿಗೆ ಬಂದವರಿಗೆಲ್ಲ ಅವಳ ಪರವಾಗಿ ನಾನೇ ಮಾತಾಡಿ ರೂಢಿ. ಅದು ತಪ್ಪೆಂದು ಆವರೆಗೆ ಯಾರೂ ಹೇಳಿರಲಿಲ್ಲ. ಎರಡೇ ನಿಮಿಷದಲ್ಲಿ ಸಂದೇಶ ಬಂತು: ಮಹಿಳೆಯ ಖಾತೆ, ಪುರುಷನ ಧ್ವನಿ, ಅನುಮಾನಾಸ್ಪದ ಚಟುವಟಿಕೆ, ಖಾತೆ ಸ್ಥಗಿತ. ಅಕ್ಕ ಓದಿ ನನ್ನ ಮುಖ ನೋಡಿದಳು.

ಮಂಗಳವಾರ ಅರ್ಧ ದಿನದ ಸಂಬಳ ಬಿಟ್ಟು ಶಾಖೆಗೆ ಬಂದಳು, ಜೊತೆಗೆ ನಾನು. ಆರು ಕೌಂಟರುಗಳಲ್ಲಿ ಐದಕ್ಕೆ ರಟ್ಟು ಮುಚ್ಚಿದೆ, ಆರನೆಯದರಲ್ಲಿ ಅದೇ ಹಳೆಯ ಮೇಡಂ. ಅವರು ಅಕ್ಕನ ಗುರುತು ಹಿಡಿದು ನಕ್ಕಾಗ ಕೆಲಸ ಆಯಿತೆಂದೇ ನಾನು ಅಂದುಕೊಂಡೆ.

“ನನ್ನ ಕಂಪ್ಯೂಟರಲ್ಲಿ ಬೀಗ ಕಾಣತ್ತೆ ಅಣ್ಣಾ, ತೆಗೆಯೋ ಅಧಿಕಾರ ಕೊಟ್ಟಿಲ್ಲ. ಸಹಾಯವಾಣಿಗೆ ಫೋನ್ ಮಾಡ್ಬೇಕು.”

“ಅವಳಿಗೆ ಕಿವಿ ಕೇಳಲ್ಲ, ನಿಮಗೇ ಗೊತ್ತಲ್ಲ ಮೇಡಂ.”

“ಗೊತ್ತು. ಆದ್ರೆ ಕಿವಿ ಕೇಳಲ್ಲ ಅಂತ ಅವರೇ ಫೋನಲ್ಲಿ ಹೇಳ್ಬೇಕಂತೆ.”

ಹೇಳಿ ಅವರೇ ತಲೆ ತಗ್ಗಿಸಿದರು. ಪಾಪ, ಆಮೇಲೆ ತಮ್ಮ ಫೋನಿನಿಂದಲೇ ಕರೆ ಮಾಡಿ, ಮುಕ್ಕಾಲು ಗಂಟೆ ಸಂಗೀತ ಕೇಳಿ, ಕೊನೆಗೆ ಸಿಕ್ಕವರಿಗೆ ಹೇಳಿದರು: “ನಾನು ಶಾಖೆಯಿಂದ ಮಾತಾಡ್ತಿದೀನಿ. ಖಾತೆದಾರರು ನನ್ನ ಎದುರಿಗೇ ಕೂತಿದ್ದಾರೆ. ಇಪ್ಪತ್ತು ವರ್ಷದಿಂದ ಬಲ್ಲೆ.” ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: “ಸರಿ ಮೇಡಂ, ಆದ್ರೆ ನೀವು ಅವರ ಧ್ವನಿ ಅಲ್ವಲ್ಲ.” ಅಷ್ಟರಲ್ಲಿ ಹನ್ನೆರಡೂವರೆಯಾಯಿತು. ನಾನೇ ಬರೆದ ವೇಳೆ, ವಾದಿಸುವ ಮುಖ ನನಗಿರಲಿಲ್ಲ.

ಮಾನ್ಯರೇ, ತಮ್ಮ ನೌಕರರ ಕಣ್ಣನ್ನೇ ತಾವು ನಂಬದಿದ್ದರೆ ಅವರನ್ನು ಅಲ್ಲಿ ಕೂರಿಸಿರುವುದಾದರೂ ಏಕೆ? ಗುರುತಿನ ಚೀಟಿ ಇದೆ, ಸಹಿ ಇದೆ, ಫೋಟೋ ಇದೆ, ಜೀವಂತ ಮನುಷ್ಯಳೇ ಎದುರಿಗೆ ಕುರ್ಚಿಯಲ್ಲಿ ಕೂತಿದ್ದಾಳೆ. ಇಷ್ಟೆಲ್ಲ ಸೇರಿದರೂ ಒಂದು ‘ಹೌದು’ ಆಗುವುದಿಲ್ಲವೇ? ನನ್ನ ಲಿಖಿತ ದೂರುಗಳೂ ಮುಗಿದವು. ಕಾಗದಕ್ಕೆ ಕಾಗದದ ಉತ್ತರ ಬರಲಿಲ್ಲ, ಅಕ್ಕನ ಫೋನಿಗೆ ಸಂದೇಶ ಬಂತು: ‘ಗ್ರಾಹಕರು ನಮ್ಮ ಕರೆಗೆ ಪ್ರತಿಕ್ರಿಯಿಸದ ಕಾರಣ ದೂರನ್ನು ಪರಿಹರಿಸಲಾಗಿದೆ ಎಂದು ಪರಿಗಣಿಸಲಾಗಿದೆ.’ ಇಂಥ ವಾಕ್ಯ ಬರೆದವರಿಗೆ ಕೈ ನಡುಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಆಮೇಲೆ ಕೆಂಪು ಬಣ್ಣದ ಆ ಸಾಲು ನೆನಪಾಗಿ ಸುಮ್ಮನಾಗುತ್ತೇನೆ.

ಮಳಿಗೆಯ ಯಜಮಾನರು ಒಳ್ಳೆಯವರು, ಹದಿನೈದು ದಿನ ಹೆಚ್ಚಿಗೆ ಕಾದರು. ಈಗ ಅಲ್ಲಿ ಯಾರೋ ಫೋನಿನ ಕವರುಗಳನ್ನು ಮಾರುತ್ತಾರೆ. ಅಕ್ಕನ ಸಂಬಳ ನನ್ನ ಖಾತೆಗೆ ಬೀಳುತ್ತಿದೆ, ಬೇರೆ ದಾರಿಯಿಲ್ಲ. ಪ್ರತಿ ಶನಿವಾರ ನಮ್ಮ ಮನೆಗೆ ಬಂದು ಬಾಗಿಲ ಒಳಗೆ ನಿಲ್ಲುತ್ತಾಳೆ, ಕೂರು ಎಂದರೂ ಕೂರುವುದಿಲ್ಲ. ನನಗೆ ಮೊದಲ ಕುಂಚ ಕೊಡಿಸಿದವಳು, ಯಾರ ಮುಂದೆಯೂ ಕೈಚಾಚದವಳು, ತನ್ನದೇ ದುಡಿಮೆಯನ್ನು ತಮ್ಮನ ಕೈಯಿಂದ ತೆಗೆದುಕೊಳ್ಳುತ್ತಾಳೆ. ನನಗೆ ನಾಚಿಕೆಯಾಗುತ್ತದೆ. ಅವಳು ಅಂಗಡಿಯ ಸುದ್ದಿಯನ್ನು ಮತ್ತೆ ಬರೆದಿಲ್ಲ.

ನಿಯಮದ ಪ್ರಕಾರ ಈಗ ನಾನು ಏನನ್ನಾದರೂ ಒತ್ತಾಯಿಸಬೇಕು. ವಾರಕ್ಕೊಂದು ದಿನ, ದುಡಿಯುವವರಿಗೆ ಬಿಡುವಾಗುವ ಹೊತ್ತಿನಲ್ಲಿ, ಅಧಿಕಾರವಿರುವ ಒಬ್ಬ ಮನುಷ್ಯನನ್ನು ಪೆನ್ನು ಕಾಗದದ ಜೊತೆ ಶಾಖೆಯಲ್ಲಿ ಕೂರಿಸಿ ಎಂದು ಕೇಳಬಹುದು. ತಾವು ಕೂರಿಸುವುದಿಲ್ಲ, ಗೊತ್ತು. ಹಾಗಾಗಿ ತಮಗೆ ಕಾಸಿನ ಖರ್ಚೂ ಇಲ್ಲದ್ದನ್ನು ಕೇಳುತ್ತೇನೆ. ನಿಮ್ಮ ಯಂತ್ರ ಈಗಲೂ ವಾರಕ್ಕೆರಡು ಸಲ ಅವಳಿಗೆ ಕರೆ ಮಾಡುತ್ತಿದೆ. ಫೋನು ಮಡಿಲಲ್ಲಿ ನಡುಗಿದ ಕೂಡಲೇ ಅಕ್ಕ ಸೂಜಿ ಕೆಳಗಿಟ್ಟು, ಅದನ್ನೆತ್ತಿ ಕಿವಿಗೆ ಒತ್ತಿ ಹಿಡಿಯುತ್ತಾಳೆ. ಬಾಯಿ ತೆರೆಯುತ್ತಾಳೆ. ಏನೋ ಒಂದು ಸದ್ದು ಹೊರಡಿಸುತ್ತಾಳೆ, ಅದು ‘ಹೌದು’ ಆಗಿರಬಹುದೇ ಎಂದು ನನ್ನ ಮುಖ ನೋಡುತ್ತಾಳೆ.

ಆ ಕರೆಯನ್ನಾದರೂ ನಿಲ್ಲಿಸಿ.

ಇಂತಿ,
ಅಕ್ಕನ ಬದಲಿಗೆ ಒಂದೇ ಒಂದು ಮಾತಾಡಿ ಅವಳ ಅಂಗಡಿ ಕಳೆದ ತಮ್ಮ